ನಾನೂ ಮುಷ್ಕರದಲ್ಲಿದ್ದೇನೆ

ಗೆಳೆಯರೇ, ರಾತ್ರಿಯಿಡೀ ಅತ್ತ ಮಗ ಇವತ್ತು ಬೆಳಿಗ್ಗೆ ಕೊನೆಗೂ ಹೆಗಲ ಮೇಲೆ ನಿದ್ದೆಹೋದ. ಅಷ್ಟರಲ್ಲೇ ಫುಟ್‌ಬಾಲ್ ಲೀಗ್ ಆಫೀಸಿನಿಂದ ಫೋನ್ ಬಂತು. ಹೆರಿಗೆಯಾದ ಮೇಲೆ ನಾನೊಬ್ಬಳು ರೆಫರಿ ಎಂದು ಯಾರಿಗೂ ನೆನಪಾಗಿರಲಿಲ್ಲ.

"ಮೇಡಂ, ಭಾನುವಾರದ ಮ್ಯಾಚ್‌ಗೆ ಬರ್ತೀರಾ? ಈ ಸಲ ಲೈನ್ ಪಕ್ಕ ಬಾವುಟ ಹಿಡಿಯೋದಲ್ಲ, ಮೇನ್ ರೆಫರಿನೇ ನೀವು."

ಇಷ್ಟು ವರ್ಷ ಕಾದದ್ದು ಅದಕ್ಕೇ. ಆದರೂ ಹೇಳಿದೆ: "ಗಾಯಕ್ಕೆ ಇನ್ಶೂರೆನ್ಸ್ ಕೊಡೋವರ್ಗೂ ನಮ್ಮ ರೆಫರಿಗಳೆಲ್ಲ ಮುಷ್ಕರದಲ್ಲಿದ್ದಾರಲ್ಲ ಸರ್. ನಾನೂ ಅವ್ರ ಜೊತೆನೇ."

"ಹೌದಾ? ನೀವು ಸುಮ್ನೆ ಮನೇಲಿದ್ದೀರ ಅಂದ್ಕೊಂಡಿದ್ದೆ" ಎಂದು ಫೋನ್ ಇಟ್ಟುಬಿಟ್ಟರು.

ಸಂಕಟ ತಡೆಯಲಾಗದೆ ರೆಫರಿಗಳ ಸಂಘದ ಸುಜಾತಕ್ಕನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆ ಕಡೆ ಧರಣಿಯ ಗದ್ದಲ, ಎಲ್ಲರ ನಗು.

"ಒಳ್ಳೇ ಕೆಲ್ಸ ಮಾಡ್ದೆ ಕಣೇ. ಅಯ್ಯೋ, ಧರಣಿಗೆ ನಿನ್ನ ಕರೆಯೋದೇ ಮರ್ತೋಯ್ತು ನೋಡು! ಪಾಪು ಹೆಂಗಿದೆ?"

ನಾನು ಉತ್ತರಿಸುವಷ್ಟರಲ್ಲಿ ಅವರನ್ನು ಯಾರೋ ಕರೆದರು.

ಹೀಗಾಗಿ ಅಟ್ಟೂರಿನ ಈ ಎರಡನೇ ಮಹಡಿಯಲ್ಲಿ ನನ್ನೊಬ್ಬಳ ಮುಷ್ಕರ ಶಾಂತಿಯುತವಾಗಿ ನಡೆದಿದೆ. ಈಗ ಮಗನೂ ಎದ್ದ. ಘೋಷಣೆ ಕೂಗುವುದು ಅವನ ಜವಾಬ್ದಾರಿ.