ಗಾಳಿ ಮೇಷ್ಟ್ರ ಹೊಟ್ಟೆಗೆ ಎಷ್ಟು ನೀರು

ಬ್ಯಾಂಡಿನವರು ಅವನನ್ನು ಗಾಳಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಟ್ರಂಪೆಟ್ಟನ್ನು ತುಟಿಗಿಟ್ಟರೆ ಬೀದಿಯ ಈ ತಿರುವಿನಿಂದ ಆ ತಿರುವಿನವರೆಗೆ ಒಂದೇ ಉಸಿರಿನಲ್ಲಿ ಸ್ವರ ಎಳೆಯುವ ಆಸಾಮಿ. ಮನೆಯಲ್ಲಿ ಮಾತ್ರ ಈ ಗಾಳಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಹೆಂಡತಿ, "ಅಲ್ಲಿ ಊದಿದ್ದು ಸಾಕು, ಇದ್ದಿಲು ಆರ್ತಾ ಇದೆ, ಇಲ್ಲಿ ಬಂದು ಊದ್ರಿ" ಎನ್ನುತ್ತಿದ್ದಳು.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮನೆಯ ರೀತಿಯೇ ಬದಲಾಯಿತು. ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿ ಮಷೀನಿನ ಪಕ್ಕ ಮಲಗುವುದೆಂದರೆ ಬ್ಯಾಂಡು ಬಿಟ್ಟಂತೆಯೇ ಎಂದು ಅವನು ಮನೆಯಲ್ಲೇ ಮಾಡುವ ಡಯಾಲಿಸಿಸ್ ಆರಿಸಿಕೊಂಡ. ಹೊಕ್ಕುಳ ಪಕ್ಕದಲ್ಲಿ ಒಂದು ಸಣ್ಣ ಕೊಳವೆ. ಅದರ ಮೂಲಕ ಎರಡು ಲೀಟರ್ ಔಷಧದ ನೀರು ಹೊಟ್ಟೆಯೊಳಗೆ ಹೋಗಿ, ಕೆಲವು ಗಂಟೆ ಅಲ್ಲೇ ನಿಂತು, ರಕ್ತದ ಕಸವನ್ನು ಹೀರಿಕೊಂಡು ಹೊರಬರಬೇಕು. ಕೂಡಲೇ ಹೊಸ ನೀರು. ಹೀಗೆ ದಿನಕ್ಕೆ ನಾಲ್ಕು ಸಲ. ಬ್ಯಾಂಡಿನ ಕೆಂಪು ಕೋಟು ತೂಗುತ್ತಿದ್ದ ಮೊಳೆಗೆ ಈಗ ನೀರಿನ ಚೀಲ ಬಂತು, ಕೋಟು ಬಾಗಿಲ ಹಿಂದೆ ಸರಿಯಿತು. ಅವಳು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಕಟ್ಟಿಕೊಂಡು, ಕೈ ತಿಕ್ಕಿ ತಿಕ್ಕಿ ತೊಳೆದು ಕೊಳವೆ ಜೋಡಿಸುತ್ತಿದ್ದರೆ ಅವನು, "ಮದುವೆ ಆದಾಗಿಂದ ನೀನು ಬಾಯಿ ಮುಚ್ಕೊಂಡಿದ್ದು ಇದೇ ಮೊದಲು ನೋಡು" ಎಂದು ರೇಗಿಸುತ್ತಿದ್ದ.

ತೊಂದರೆ ಬಂದದ್ದು ಊದುವಾಗ. ಹೊಟ್ಟೆ ತುಂಬ ನೀರಿಟ್ಟುಕೊಂಡವನ ಉಸಿರು ಕೆಳಗಿಳಿಯುವುದಾದರೂ ಎಲ್ಲಿಗೆ? ಸ್ವರ ಅರ್ಧಕ್ಕೇ ತುಂಡಾಗುತ್ತಿತ್ತು. ಹಾಗಾಗಿ ಬ್ಯಾಂಡಿಗೆ ಕರೆ ಬಂದ ದಿನ ಮಧ್ಯಾಹ್ನದ ನೀರನ್ನು ಹೊರಬಿಟ್ಟು, ಹೊಸದನ್ನು ತುಂಬಿಸಿಕೊಳ್ಳದೆ ಕೋಟು ಏರಿಸಿ ಹೊರಡುತ್ತಿದ್ದ. ಬರಬರುತ್ತಾ ಅಭ್ಯಾಸದ ನೆಪದಲ್ಲಿ ಬ್ಯಾಂಡಿಲ್ಲದ ದಿನವೂ ಅದೇ ಆಯಿತು. "ಒಂದು ಹೊತ್ತು ತಪ್ಪಿದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದರೆ ಅವಳು ಗೊಣಗುತ್ತಿದ್ದಳೇ ಹೊರತು ತಡೆಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಊದುವಾಗ ಅವನ ಮುಖಕ್ಕೆ ಹಳೆಯ ಕಳೆ ಬರುತ್ತಿತ್ತು. ಸುಳ್ಳೇಕೆ, ಅದನ್ನು ನೋಡುವ ಆಸೆ ಅವಳಿಗೂ ಇತ್ತು.

ಕೆಲವು ತಿಂಗಳಿಗೊಮ್ಮೆ ಪರೀಕ್ಷೆ. ಒಂದು ಇಡೀ ದಿನ ಹೊಟ್ಟೆಯಿಂದ ಇಳಿದ ನೀರನ್ನೂ ಮೂತ್ರವನ್ನೂ ಕ್ಯಾನುಗಳಲ್ಲಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಕಸ ಎಷ್ಟು ಹೊರಬಿತ್ತು ಎಂದು ಅಳೆದು, ಚೀಲ ಎಷ್ಟು ದೊಡ್ಡದಿರಬೇಕು, ದಿನಕ್ಕೆ ಎಷ್ಟು ಸಲ ಬೇಕು ಎಂದು ಡಾಕ್ಟರು ನಿರ್ಧರಿಸುತ್ತಾರೆ. ಅವಳು ಎಡವಿದ್ದು ಇಲ್ಲೇ. ಇಸ್ತ್ರಿಯವಳ ಬುದ್ಧಿ, ಹೊರಗೆ ಹೋಗುವ ಬಟ್ಟೆಯಲ್ಲಿ ಒಂದು ಸುಕ್ಕೂ ಇರಕೂಡದು. ಆ ಒಂದು ದಿನ ಗಂಡನನ್ನು ಕದಲಗೊಡದೆ, ಗಡಿಯಾರ ನೋಡಿಕೊಂಡು ನಾಲ್ಕೂ ಚೀಲ ಹಾಕಿ ಇಳಿಸಿ, ಕ್ಯಾನನ್ನು ಫಳಫಳ ಒರೆಸಿ ಒಯ್ದಳು. "ತುಂಬಾ ಚೆನ್ನಾಗಿದೆಯಮ್ಮ, ಎರಡು ಲೀಟರೇ ಸಾಕು" ಎಂದರು ಡಾಕ್ಟರು. ಮಗು ಪಾಸಾದಷ್ಟು ಹಿಗ್ಗಿ ಮನೆಗೆ ಬಂದಳು. ಮುಂದಿನ ಸಲವೂ ಅದೇ ಸಿಂಗಾರ, ಅದೇ ಶಹಬ್ಬಾಸ್‌ಗಿರಿ.

ಕಾಗದದ ಮೇಲೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಮನೆಯಲ್ಲಿ ಸೊರಗುತ್ತಿದ್ದ. ಊಟ ಕಂಡರೆ ವಾಕರಿಕೆ, ಮೈಯೆಲ್ಲ ತುರಿಕೆ, ಹಗಲೆಲ್ಲ ತೂಕಡಿಕೆ. ಪಾದ ಬಾತುಕೊಂಡು ಚಪ್ಪಲಿ ಹಿಡಿಸದಾಯಿತು. ಡಾಕ್ಟರಿಗೆ ಲೆಕ್ಕ ತಾಳೆಯಾಗಲಿಲ್ಲ. ಫಲಿತಾಂಶದ ಹಾಳೆಯನ್ನು ಪಕ್ಕಕ್ಕಿಟ್ಟು ಅವಳನ್ನೇ ಕೇಳಿದರು.

"ದಿನಾ ನಾಲ್ಕೂ ಹಾಕ್ತೀರಾ, ಇಲ್ಲಾ ನಮಗೆ ತೋರಿಸೋ ದಿನ ಮಾತ್ರನಾ?"

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಮಧ್ಯಾಹ್ನ ಕಷ್ಟ ಅಂತ ಆಗಲೇ ಹೇಳಿದ್ರೆ ಬೇರೆ ಹೊತ್ತಿಗೆ ಹೊಂದಿಸಿ ಕೊಡ್ತಿದ್ನಲ್ಲಮ್ಮ. ಆಗ ಮೂತ್ರನೂ ಚೆನ್ನಾಗಿ ಹೋಗ್ತಿತ್ತು, ದಾರಿ ಇತ್ತು. ಈಗ ಎರಡೂವರೆ ಲೀಟರ್ ಹಾಕಬೇಕು, ಒಂದೂ ತಪ್ಪೋ ಹಾಗಿಲ್ಲ."

"ಅಷ್ಟು ತುಂಬಿದ್ರೆ ಊದೋಕಾಗುತ್ತಾ?" ಎಂದು ಅವನು ಕೇಳಿದ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳು, "ಹೆಚ್ಚು ಮಾಡಿ ಡಾಕ್ಟ್ರೇ. ಊದದೇ ಇದ್ರೂ ಪರವಾಗಿಲ್ಲ, ಇವರು ಇರ್ಲಿ" ಎಂದಳು.

ದೊಡ್ಡ ಚೀಲ ಬಂತು. ತುಂಬಿದ ಹೊಟ್ಟೆ ಹೊತ್ತು ಅವನು ಗೋಡೆಗೊರಗಿ ಕೂತಿರುತ್ತಿದ್ದ. ಬ್ಯಾಂಡಿನವರು ಬೇರೆಯವನನ್ನು ಹುಡುಕಿಕೊಂಡರು. ಕೆಂಪು ಕೋಟನ್ನು ಅವಳೇ ಇಸ್ತ್ರಿ ಮಾಡಿ ಅವರಿಗೆ ಒಪ್ಪಿಸಿದಳು. ಒಂದು ದಿನವೂ, ಒಂದು ಹೊತ್ತೂ ತಪ್ಪಿಸಲಿಲ್ಲ. ಮುಂದಿನ ಪರೀಕ್ಷೆಗೆ ಅವಳು ಒಯ್ದ ನೀರಿನಲ್ಲಿ ಹನಿಯಷ್ಟೂ ಸುಳ್ಳಿರಲಿಲ್ಲ. ಫಲಿತಾಂಶ ಮೊದಲಿಗಿಂತ ಕೆಳಗಿತ್ತು. ಮೂತ್ರ ಪೂರ್ತಿ ನಿಂತಿತ್ತು, ಕಸ ಸೋಸಿ ನೀರಿಗೆ ಬಿಡುವ ಹೊಟ್ಟೆಯ ಒಳಪೊರೆಯೂ ದಣಿದಿತ್ತು. "ಮಷೀನಿಗೆ ಹಾಕೋಣ ಅಂದ್ರೆ ಇವರ ಹೃದಯ ತಡೆಯಲ್ಲ. ಚೀಲ ಎಷ್ಟು ದೊಡ್ಡದು ಮಾಡಿದ್ರೂ ಇನ್ನು ಇಷ್ಟೇನಮ್ಮ" ಎಂದರು ಡಾಕ್ಟರು.

ಅವನ ಉಸಿರನ್ನು ಕೊಟ್ಟು ಅವನನ್ನು ಉಳಿಸಿಕೊಳ್ಳಲು ಹೊರಟಿದ್ದಳು. ಈಗ ಎರಡೂ ಇಲ್ಲ. ದಾರಿಯುದ್ದಕ್ಕೂ ಅವಳಿಗೆ ಅದೊಂದೇ ಯೋಚನೆ.

ಆ ಮಧ್ಯಾಹ್ನ ಅವನು, "ಇವತ್ತು ಇಳಿಸಿಬಿಡು. ಹೊಸದು ಆಮೇಲೆ ನೋಡೋಣ" ಎಂದ. ಅವಳು ಎದುರಾಡದೆ ಇಳಿಸಿದಳು. ಮಂಚದ ಕೆಳಗಿನಿಂದ ಟ್ರಂಪೆಟ್ಟನ್ನು ತಾನೇ ತೆಗೆದು, ಧೂಳು ಒರೆಸಿ ಅವನ ಕೈಗಿಟ್ಟಳು. ಅವನು ತುಟಿ ಒದ್ದೆ ಮಾಡಿಕೊಂಡು ಊದಿದ. ಹೊಟ್ಟೆ ಖಾಲಿಯಿತ್ತು, ಆದರೂ ಬಂದದ್ದು ಬರೀ ಗಾಳಿ. ಮತ್ತೆ ಊದಿದ. ಸಡಿಲ ತುಟಿಯಿಂದ ಜೊಲ್ಲು ಗಲ್ಲಕ್ಕಿಳಿಯಿತು. ಅವಳು ಅಂಗೈಯಿಂದ ಒರೆಸಿದಳು. ಟ್ರಂಪೆಟ್ಟನ್ನು ಅವಳ ಮಡಿಲಿಗಿಟ್ಟು ಅವನು ಗೋಡೆಗೆ ಒರಗಿದ.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಕಿಟಕಿ ಮುಚ್ಚಿದಳು, ಫ್ಯಾನ್ ಆರಿಸಿದಳು, ಮಾಸ್ಕ್ ಕಟ್ಟಿಕೊಂಡು ಕೈ ತೊಳೆದಳು. ಕಪಾಟಿನಲ್ಲಿ ಹಳೆಯ ಎರಡು ಲೀಟರಿನ ಚೀಲಗಳೂ ಉಳಿದಿದ್ದವು.

"ಯಾವುದು ಹಾಕ್ಲಿ ರೀ? ದೊಡ್ಡದಾ, ಚಿಕ್ಕದಾ?"

"ನಿಂಗೆ ಎತ್ತೋಕೆ ಯಾವುದು ಹಗುರವೋ ಅದನ್ನ ಹಾಕೇ."

ಅವಳು ದೊಡ್ಡದನ್ನೇ ಎತ್ತಿ ಮೊಳೆಗೆ ತೂಗುಹಾಕಿದಳು.