ಕೊನೆಗೆ ಬರೆದೋರಿಗೇ ಪ್ರಶ್ನೆ

ಏನ್ರಲಾ, ಹೋದ ತಿಂಗಳು ನಾನು ಕಳಿಸಿದ ಇ-ಮೇಲ್ ಓದಿ ಹಲ್ಲು ಕಿರಿದು ಸುಮ್ಮನಾದಿರಾ? ಒಂದು ಸಾಲು ಬರೆಯೋಕೆ ಕೈಗೇನು ಲಕ್ವ ಹೊಡೆದೈತಾ? ಇವತ್ತಿಂದು ಕೇಳಿ.

ನಮ್ಮ ಧರ್ಮಪುರಿ ಮನೆ ಮಾಳಿಗೆ ಮೇಲೆ ಮೊಮ್ಮಗಳು ಸರೋಜ ಕಂಪ್ಯೂಟರ್ ಪಾಠ ಹೇಳ್ತಾಳೆ. ಅವಳ ಲಿನಕ್ಸ್ ಸರ್ವರ್‌ಗೆ ಸ್ವಂತ ಪರದೆ ಇಲ್ಲ. ವಯರ್ ಎಳೆದು ಎರಡು ಟರ್ಮಿನಲ್, ಅಂದ್ರೆ ಪರದೆ-ಕೀಬೋರ್ಡು, ಇಟ್ಟವ್ಳೆ. ಒಂದು ಅಡುಗೆಮನೆ ಪಕ್ಕ ನನ್ನ ಮುಂದೆ, ಇನ್ನೊಂದು ಅವರಪ್ಪನ ರೂಮಲ್ಲಿ. ಇಂಗ್ಲಿಷ್ ಬರದಿದ್ರೂ ಸಾಲು ಓಡ್ತಾ ಐತಾ, ನಿಂತೈತಾ ಅಂತ ನನಗೆ ಗೊತ್ತಾಗುತ್ತೆ.

ಬೆಳಿಗ್ಗೆ ಕರೆಂಟ್ ಹೋಗಿ ಬಂತು. ನನ್ನ ಪರದೇಲಿ ಸಾಲು ಓಡಿ, ನಡುವೆ ನಿಂತೇಬಿಡ್ತು. ಮಾರಂಡಹಳ್ಳಿಯಿಂದ ಬಸ್ ಹತ್ತಿ ಬಂದ ಹುಡುಗಿಯರು ಪರೀಕ್ಷೆಗೆ ಕಾಯ್ತಾ ಅವ್ರೆ.

"ಅಜ್ಜಿ, ಅದು ಅಪ್ಪನ ರೂಮಲ್ಲಿ ಪಾಸ್‌ವರ್ಡ್ ಕೇಳ್ತಾ ಐತೆ" ಅಂತ ಸರೋಜ ಕಣ್ಣು ಒರೆಸ್ಕೊಂಡ್ಲು. ನನ್ನ ಮಗ ಆ ರೂಮಿಗೆ ಬೀಗ ಹಾಕಿ ತೊಪ್ಪೂರು ದಾಟಿ ಸೇಲಂಗೆ ಹೋಗವ್ನೆ.

"ನನ್ನ ಯಾಕೆ ಕೇಳಲ್ಲ?"

"ಮಿಷನ್ ಶುರುವಾಗೋವಾಗ ಒಂದು ಪಟ್ಟಿ ಓದುತ್ತೆ, ಅದ್ರಲ್ಲಿ ಎರಡು ಟರ್ಮಿನಲ್ ಹೆಸರೂ ಅವೆ. ಸುದ್ದಿ ಇಬ್ಬರಿಗೂ ಹೇಳುತ್ತೆ. ಪ್ರಶ್ನೆ ಮಾತ್ರ ಆ ಪಟ್ಟೀಲಿ ಕೊನೆಗೆ ಬರೆದೋರನ್ನೇ ಕೇಳೋದು. ದೊಡ್ಡೋಳು ಅಂತ ನಿಂದು ಮೊದಲು ಬರೆದೆ."

"ಲೇ ಪೈತ್ಯಕಾರಿ! ಐವತ್ತು ವರ್ಷ ಈ ಮನೇಲಿ ಎಲ್ಲರಾದ ಮೇಲೆ ಉಂಡೋಳು ನಾನು. ಇಲ್ಲೂ ಕೊನೆಗೇ ಬರಿ!"

ಮಿಷನ್ ಆರಿಸಿ ಮತ್ತೆ ಹಾಕಿ, ಅದು ಶುರುವಾಗೋ ಮುಂಚೆ ಪಟ್ಟೀಲಿ ನನ್ನದು ಕೊನೆಗೆ ಬರೆದ್ಲು. ಪ್ರಶ್ನೆ ನನ್ನ ಮುಂದೇ ಬಂತು, ಸರೋಜ ಪಾಸ್‌ವರ್ಡ್ ಹೊಡೆದ್ಲು. ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೀತು.

ಸಾಯಂಕಾಲ ಮಗ ಬಂದು, "ನನ್ನ ಟರ್ಮಿನಲ್ ಯಾಕವ್ವ ಏನೂ ಕೇಳ್ತಿಲ್ಲ?" ಅಂದ.

"ನೀನೀಗ ದೊಡ್ಡೋನು ಕಣಪ್ಪ, ನಿಂದು ಮೊದಲು ಬರೆದಿದೀವಿ" ಅಂದೆ.

ಮುಂದಿನ ತಿಂಗಳು ಹುಟ್ಟೋದ್ರೊಳಗೆ ಎಲ್ಲರೂ ಉತ್ತರ ಬರೀರಿ. ಇಲ್ಲಾಂದ್ರೆ ನಿಮ್ಮ ಹೆಸರೂ ಮೊದಲು ಬರೆದುಬಿಡ್ತೀನಿ.