ರತ್ನಕ್ಕನ ಹಸಿವು

ಕಳೆದ ವಾರ ನ್ಯಾಮತಿಯಲ್ಲಿ ರಕ್ತಪರೀಕ್ಷೆಗೆಂದು ಹೋಗಿ, ಸ್ಪಿರಿಟ್ಟಿನ ವಾಸನೆಯಲ್ಲಿ ಕೂತಿದ್ದೆ. "ಖಾಲಿ ಹೊಟ್ಟೇಲಿ ಬಂದೀರೇನ್ರಿ?" ಎಂದು ಸೂಜಿ ಹಿಡಿದ ಹುಡುಗಿ ಕೇಳಿದಳು. ನನಗೆ ಸಕ್ಕರೆ ಕಾಯಿಲೆ. ಬೆಳಗಿನ ಒಂದು ಲೋಟ ಕಾಫಿ ತಪ್ಪಿತೆಂದು ಮನೆಮಂದಿಯ ಮೇಲೆಲ್ಲ ಹರಿಹಾಯ್ದು ಬಂದವಳು ನಾನು, ಅಷ್ಟು ಧೀರೆ. ಆದರೆ ಖಾಲಿ ಹೊಟ್ಟೆ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾಗುವುದು ನನ್ನ ಹಸಿವಲ್ಲ, ರತ್ನಕ್ಕನದು.

ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ಎಪ್ಪತ್ತರ ದಶಕದಲ್ಲಿ ನಾವು ತ್ಯಾವಣಿಗೆಯಲ್ಲಿದ್ದೆವು, ಅಪ್ಪ ಅಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅಕ್ಕ ಗಿಡ್ಡಿ. ಗೊಂಬೆಯಂಥ ಮುಖ, ಮುಂದೆ ಬಂದ ಹೊಟ್ಟೆ. ಊಟ ತಡವಾದರೆ ಬೆವರುವಳು, ಕೈ ನಡುಗುವುದು. ಅದಕ್ಕೇ ಅವಳ ಹತ್ತಿರ ಸದಾ ಒಂದು ಬೆಲ್ಲದ ಚೂರು. ಊರವರು ತಿಂಡಿಪೋತಿ ಎಂದು ನಗುತ್ತಿದ್ದರು. ಅಜ್ಜಿಯದು ಬೇರೆಯೇ ರಾಗ: "ಹೆಣ್ಣು ಬಾಯಿ ಕಟ್ಟಾಕೆ ಕಲೀಬೇಕು. ಗಂಡನ ಮನೆಯಾಗೆ ನಿನ್ನ ಹೊಟ್ಟೆ ನೋಡಿ ಒಲೆ ಹಚ್ಚಲ್ಲ."

ಆ ಮಾತಿಗೆ ರೋಷಗೊಂಡು ಒಂದು ಶಿವರಾತ್ರಿ ಅವಳೂ ಉಪವಾಸ ಕೂತಳು. ಸಂಜೆಯ ಹೊತ್ತಿಗೆ ಕೈಕಾಲು ಸೆಟೆದು ಬಿದ್ದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಹಾಕಿದ ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು, "ಅಪ್ಪ, ನಿಮ್ದು ಊಟ ಆತಾ?" ಅಂದಳು.

ಅಲ್ಲಿನ ವೈದ್ಯರು ಬೆಂಗಳೂರಿಗೂ ಕಳಿಸಿ ಪರೀಕ್ಷೆ ಮಾಡಿಸಿದರು. ಕೊನೆಗೆ ಅಪ್ಪನನ್ನು ಎದುರು ಕೂರಿಸಿಕೊಂಡು ಹೇಳಿದರು: "ಜೋಳ ತುಂಬಿ ನೆಲದಾಗೆ ಮುಚ್ಚಿಡ್ತೀರಲ್ರೀ, ಹಗೇವು? ಲಿವರ್ರೂ ಹಂಗೇ. ಉಂಡ ಸಕ್ಕರೇನ ಕೂಡಿಟ್ಟು, ಹೊಟ್ಟೆ ಖಾಲಿಯಾದಾಗ ರಕ್ತಕ್ಕೆ ಬಿಡ್ತೈತೆ. ಅದನ್ನ ಬಿಡಿಸಾಕೆ ಅಂತ ಒಂದು ಎಂಜೈಮು ಐತೆ. ಉಂಡಾಗ ಲಿವರ್ರು ಅದನ್ನ ಮಲಗಿಸ್ತೈತೆ, ಹಸಿದಾಗ ಎಬ್ಬಿಸ್ತೈತೆ. ನಿಮ್ಮ ಮಗಳಾಗೆ ಅದು ಎಬ್ಬಿಸಿದ್ರೂ ಏಳಲ್ಲ."

"ಮತ್ತೆ ಹೊಟ್ಟೆ ದಪ್ಪ ಐತಲ್ರೀ?" ಅಂದರು ಅಪ್ಪ.

"ಹಗೇವು ತುಂಬೈತೆ. ಬಾಯಿ ತೆರೀತಿಲ್ಲ."

ಮದ್ದಿಲ್ಲ, ಹೊತ್ತು ಹೊತ್ತಿಗೆ ಉಣಿಸಬೇಕು, ಉಪವಾಸ ಮಾತ್ರ ಕೂಡದು ಎಂದು ಕಳಿಸಿದರು. ಅಂದಿನಿಂದ ಅಜ್ಜಿಯೇ ಅವಳ ಹಿಂದೆ ತಟ್ಟೆ ಹಿಡಿದು ತಿರುಗಿದರು.

ಎಂಬತ್ತರ ದಶಕದಲ್ಲಿ ಜಗಳೂರಿನಿಂದ ಸಂಬಂಧ ಬಂತು. ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ಹುಡುಗನ ತಾಯಿ ನಕ್ಕರು: "ಉಣ್ಣೋದೂ ಒಂದು ರೋಗ ಏನ್ರೀ? ನಮ್ಮನೆಯಾಗೆ ಅನ್ನಕ್ಕೇನು ಬರ?"

ನಿಜ, ಬರವೇನೂ ಇರಲಿಲ್ಲ. ಅಕ್ಕ ಬಸುರಿಯಾದಾಗ ಆ ಅತ್ತೆ ಮೊಮ್ಮಗನಿಗಾಗಿ ದೇವಿಗೆ ಹರಕೆ ಹೊತ್ತರು. ಸೊಸೆ ದಿನವಿಡೀ ನೀರೂ ಮುಟ್ಟದೆ ಪೂಜೆಗೆ ಕೂರಬೇಕು. ಅಕ್ಕ ಆಗಲ್ಲ ಎಂದು ಅತ್ತಳಂತೆ. "ಒಂದು ದಿನಕ್ಕೆ ಏನಾಗ್ತೈತೆ?" ಅಂದನಂತೆ ಗಂಡ. ಇದನ್ನೂ ಮುಂದಿನದನ್ನೂ ನಮಗೆ ಹೇಳಿದ್ದು ಅವರ ಪಕ್ಕದ ಮನೆಯಾಕೆ.

ಪೂಜೆಯ ಹೊತ್ತಿಗೆ ರತ್ನಕ್ಕ ಬೆವರಿನಲ್ಲಿ ತೊಯ್ದು, ತೂರಾಡುತ್ತ ಏನೇನೋ ತೊದಲತೊಡಗಿದಳು. ಯಾರೋ "ತಾಯಿ ಮೈಮೇಲೆ ಬಂದಾಳೆ" ಅಂದರು. ಅಷ್ಟೇ ಸಾಕಾಯಿತು. ಹಣೆಗೆ ಕುಂಕುಮ ಮೆತ್ತಿದರು, ಕೈಗೆ ಬೇವಿನ ಸೊಪ್ಪು ಕೊಟ್ಟರು, ಕಾಲಿಗೆ ಬಿದ್ದರು.

"ಗಂಡು ಹುಟ್ತೈತೇನು ತಾಯಿ?" ಎಂದು ಅತ್ತೆ ಕೇಳಿದರು.

"ಬೆಲ್ಲ," ಅಂದಳು ರತ್ನಕ್ಕ.

"ನೈವೇದ್ಯ ಕೇಳ್ತಾಳೆ! ಮೊದ್ಲು ಮಂಗಳಾರತಿ ಆಗ್ಲಿ."

ತಟ್ಟೆ ತುಂಬ ಬೆಲ್ಲ ತಂದು ಅವಳೆದುರೇ ಇಟ್ಟರು. ಆರತಿ ಮುಗಿಯುವಷ್ಟರಲ್ಲಿ ಹಲ್ಲು ಕಚ್ಚಿಹೋಗಿದ್ದವು. ದಾವಣಗೆರೆ ಮುಟ್ಟುವ ಮೊದಲೇ ಅವಳ ಜೀವವೂ, ಹೊಟ್ಟೆಯೊಳಗಿನ ಜೀವವೂ ಹೋದವು. ಅಪ್ಪ ಎಷ್ಟೋ ಕಾಲ ಊಟಕ್ಕೆ ಕೂತು, ಅನ್ನ ಕಲೆಸಿ, ಹಾಗೇ ಎದ್ದುಬಿಡುತ್ತಿದ್ದರು.

ಮೊನ್ನೆ ಹೊನ್ನಾಳಿಯ ಮದುವೆಯೊಂದರಲ್ಲಿ ಆ ಅತ್ತೆ ಸಿಕ್ಕರು. ತೀರ ಹಣ್ಣಾಗಿದ್ದಾರೆ. ನನ್ನ ಕೈ ಹಿಡಿದುಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಕೆಗೆ ಹೇಳಿದರು: "ಇವಳಕ್ಕನೇ ನಮ್ಮ ಸೊಸೆ. ತಾಯಿನೇ ಬಂದು ಕರಕೊಂಡು ಹೋದ್ಲು. ಅಂಥ ಸಾವು ಯಾರಿಗೆ ಬರ್ತೈತೆ? ಈಗ್ಲೂ ಅವಳ ಫೋಟಕ್ಕೆ ಎಡೆ ಇಟ್ಟೇ ನಾವು ಉಣ್ಣೋದು."

ಇಷ್ಟು ವರ್ಷವೂ ಇಂಥ ಮಾತಿಗೆ, ಹಿರಿಯರೆಂದು, ತಲೆಯಾಡಿಸಿ ಸುಮ್ಮನಾದವಳು ನಾನು. ಅವತ್ತು ಆಗಲಿಲ್ಲ ನೋಡಿ. ಕೈ ಬಿಡಿಸಿಕೊಂಡೆ.

"ಯಾವ ತಾಯಿನೂ ಬಂದಿರ್ಲಿಲ್ಲ ರೀ. ನಮ್ಮಕ್ಕ ಹಸಿದಿದ್ಲು."

ಮುದುಕಿಗೆ ಕಿವಿ ಮಂದ. "ಏನಂದ್ಲು?" ಎಂದು ಪಕ್ಕದಾಕೆಯನ್ನು ಕೇಳಿದರು. ಆಕೆ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮುದುಕಿಯ ಕಿವಿಗೆ ಬಾಗಿ, "ಊಟಕ್ಕೆ ಕರೀತಾರೆ, ಏಳ್ರಿ" ಎಂದಳು.